ಮೇಲೆ ಬರುವ ಮೀನು

ನಾಗಪುರದ ಅಂಚಿನ ಕೋರಾಡಿಯ ಕಾಲನಿಯಿಂದ ಪೇಟೆಯ ಬರ್ಡಿಯವರೆಗೆ ಬಸ್ಸಿನಲ್ಲಿ ಕೂತು ನೀಲಾಂಬಿಕಾ ಒಂದೇ ಪ್ರಶ್ನೆಯನ್ನು ಹಿಂದಿಯಲ್ಲಿ ಹೊಂದಿಸಿಕೊಳ್ಳುತ್ತ ಬಂದಿದ್ದಳು: ಸಾಯದ ಮೀನು ಯಾವುದು? ಮೀನಿನ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಹೊಂದಿಸಿದ್ದೆಲ್ಲ ಚೆದುರಿಹೋಯಿತು. ಬಾಯಿಗೆ ಬಂದದ್ದು ಅರ್ಧ ಹಿಂದಿ, ಅರ್ಧ ಮರಾಠಿ.

"ಭೈಯಾ, ಮರನೇವಾಲಾ ನಕೋ." ಸಾಯುವಂಥದ್ದು ಬೇಡ.

ಅಂಗಡಿಯವನು ಕೈಯಲ್ಲಿದ್ದ ಸಣ್ಣ ಬಲೆಯನ್ನು ಕೆಳಗಿಟ್ಟು ನಕ್ಕ. "ಬಾಯಿ, ವೋ ತೋ ಪ್ಲಾಸ್ಟಿಕ್ ಕಾ ಮಿಲೇಗಾ. ಖಿಲೌನೇ ಕೀ ದುಕಾನ್ ಬಾಜೂ ಮೇ ಹೈ." ಸಾಯದ ಮೀನು ಬೇಕಾದರೆ ಪಕ್ಕದ ಆಟಿಕೆ ಅಂಗಡಿಗೆ ಹೋಗಬೇಕಂತೆ.

ನೀಲಾಂಬಿಕಾಳಿಗೆ ನಗು ಬರಲಿಲ್ಲ. ತಿರುಗಿ ಬಾಗಿಲ ಕಡೆ ನೋಡಿದಳು. ಮಗಳು ವನಜಾ ಹೊರಗೆ ಫುಟ್‌ಪಾತಿನ ಮೇಲೆ, ಅಂಗಡಿಗೆ ಬೆನ್ನು ಹಾಕಿ ನಿಂತಿದ್ದಳು. ಎಂಟು ವರ್ಷದ ಹುಡುಗಿ. ಆರು ತಿಂಗಳ ಹಿಂದೆ ಹೊಲಿಸಿದ ಫ್ರಾಕು ಈಗ ಭುಜದಿಂದ ಜಾರುತ್ತಿತ್ತು. ಗಾಜಿನ ತೊಟ್ಟಿಗಳಲ್ಲಿ ಗಾಳಿಯ ಗುಳ್ಳೆ ಏಳುವ ಸದ್ದು ಕೇಳಿಸಬಾರದೆಂದು ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದಳು.

ಕಳೆದ ಸೆಪ್ಟೆಂಬರಿನಲ್ಲಿ, ಕಾಲನಿಯ ಗಣಪತಿಯನ್ನು ಕೆರೆಗೆ ಬಿಡುವ ದಿನ, ಗಂಡ ಉಮಾಪತಿ ಮಗಳನ್ನು ಒಂದು ಕೈಯಲ್ಲಿ, ಅವಳ ಗೆಳತಿ, ಪಕ್ಕದ ಬ್ಲಾಕಿನ ಕಲಾವತಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದ. ಮೂರ್ತಿ ಎತ್ತಲು ಇನ್ನೊಂದು ಆಳು ಬೇಕೆಂದು ಯಾರೋ ಕೂಗಿದರು. ಎರಡು ನಿಮಿಷ ಎಂದುಕೊಂಡು ಎರಡೂ ಕೈ ಬಿಟ್ಟ. ಗುಲಾಲು, ಡೋಲು, ಜನ. ಕಲಾವತಿ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿದ್ದನ್ನು ಕಂಡವಳು ವನಜಾ ಒಬ್ಬಳೇ. ಅವಳು ಚೀರಿದ್ದು ಡೋಲಿನಲ್ಲಿ ಯಾರಿಗೂ ಕೇಳಲಿಲ್ಲ. ನೀರಿನೊಳಗೆ ಗೆಳತಿಯ ಬಾಯಿ ತೆರೆದದ್ದನ್ನೂ ಮುಚ್ಚಿದ್ದನ್ನೂ ಅವಳು ನಿಂತು ನೋಡಿದ್ದಳು.

ಅಂದಿನಿಂದ ವನಜಾ ತಳ ಕಾಣುವ ಯಾವ ನೀರನ್ನೂ ಕುಡಿದಿಲ್ಲ. ಹಾಲು ಕುಡಿಯುತ್ತಾಳೆ, ಮಜ್ಜಿಗೆ ಕುಡಿಯುತ್ತಾಳೆ. ಲೋಟದ ತಳ ಕಂಡರೆ ಸಾಕು, ಹಲ್ಲು ಕಚ್ಚಿಕೊಳ್ಳುತ್ತಾಳೆ. ಸ್ನಾನವೆಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು. ನಲ್ಲಿಯ ಸದ್ದಿಗೆ ಮಗು ನಡುಗದಿರಲೆಂದು ನೀಲಾಂಬಿಕಾ ಬಕೆಟಿನ ತಳಕ್ಕೆ ಹಳೆಯ ಸೀರೆ ತುಂಡು ಹಾಕಿ ಅದರ ಮೇಲೆ ನೀರು ಬಿಡುತ್ತಿದ್ದಳು. ಹುಚ್ಚುನಾಯಿ ಕಚ್ಚಿರಬೇಕು ಎಂದು ಕಾಲನಿಯಲ್ಲಿ ಪಿಸುಮಾತು ಎದ್ದಾಗ ಅವಳು ಮಗಳ ಮೈಯನ್ನೆಲ್ಲ ಇಂಚಿಂಚು ಹುಡುಕಿದ್ದಳು. ನಾಯಿಯ ಹಲ್ಲಿನ ಗುರುತು ಎಲ್ಲೂ ಇರಲಿಲ್ಲ. ಇದ್ದಿದ್ದರೆ ಇದಕ್ಕೊಂದು ಹೆಸರಾದರೂ ಸಿಗುತ್ತಿತ್ತೇ ಎಂದು ಒಂದು ಗಳಿಗೆ ಅನಿಸಿ, ಆಮೇಲೆ ತನ್ನ ಯೋಚನೆಗೆ ತಾನೇ ಹೆದರಿದ್ದಳು.

ಈಗ ಮಾರ್ಚ್. ಇನ್ನು ಹದಿನೈದು ದಿನಕ್ಕೆ ನಾಗಪುರದ ಬಿಸಿಲು ಶುರು. ಹೋದ ವಾರ ಶಾಲೆಯ ಪ್ರಾರ್ಥನೆಯಲ್ಲಿ ವನಜಾ ತಲೆ ತಿರುಗಿ ಬಿದ್ದಿದ್ದಳು. ಉಚ್ಚೆ ಉರಿಯುತ್ತದೆಂದು ಅಳುತ್ತಿದ್ದಳು. ಕಾಲನಿಯ ದವಾಖಾನೆಯ ಡಾಕ್ಟರು, ವಯಸ್ಸಾದ ಮರಾಠಿ ಮನುಷ್ಯ, ಮೂತ್ರ ಪರೀಕ್ಷೆಯ ಚೀಟಿ ನೋಡಿ ಮುಖ ಸಣ್ಣಗೆ ಮಾಡಿದರು. "ಮೇ ತಿಂಗಳನ್ನು ಮಜ್ಜಿಗೆಯ ಮೇಲೆ ದಾಟಲು ಆಗುವುದಿಲ್ಲ ತಾಯಿ. ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಅಲ್ಲಿ ಸೂಜಿಯಿಂದ ಸಲೈನ್ ಹತ್ತಿಸುತ್ತಾರೆ. ಅದಕ್ಕೂ ಮೊದಲು ಒಂದು ಮಾಡಿ ನೋಡಿ. ನೀರಿನೊಳಗೆ ಬದುಕಿರುವುದು ಏನಾದರೂ ಅವಳ ಕಣ್ಣಿಗೆ ಬೀಳಲಿ. ಮೀನು ಸಾಕಿ."

ಮೀನು! ಮೊಟ್ಟೆ ಕೂಡ ಒಳಗೆ ಬರದ ಮನೆ. ಗದಗಿನಲ್ಲಿ ಅತ್ತೆಗೆ ಗೊತ್ತಾದರೆ ಲಿಂಗ ತೊಳೆದುಕೊಂಡು ಮತ್ತೊಮ್ಮೆ ಪೂಜೆಗೆ ಕೂರುವವರು. ಜೀವಂತ ಮೀನನ್ನು ಹತ್ತಿರದಿಂದ ನೋಡಿದ್ದೂ ನೀಲಾಂಬಿಕಾಳಿಗೆ ನೆನಪಿರಲಿಲ್ಲ. ಆದರೆ ಒಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಂದ ಮೀನು ಮಗಳ ಕಣ್ಣೆದುರು ಸತ್ತರೆ, ಮಜ್ಜಿಗೆಯೂ ನಿಂತುಹೋಗುತ್ತದೆ.

ಅಂಗಡಿಯವನು ಒಂದೊಂದೇ ತೋರಿಸಿದ. ಇದು ಗೋಲ್ಡ್‌ಫಿಶ್, ನೋಡಲು ಅಂದ, ಆದರೆ ನಾಜೂಕು. ಇದು ಏಂಜೆಲ್, ತಣ್ಣಗಾದರೆ ರೋಗ. ಇದು ಫೈಟರ್, ಒಂಟಿಯಾಗಿ ಬಾಟಲಿಯಲ್ಲಿರಬೇಕು, ಇನ್ನೊಂದು ಕಂಡರೆ ಕಡಿದು ಹಾಕುತ್ತದೆ. ಇದು ಬ್ಲ್ಯಾಕ್ ಮೋಲಿ. ಗಟ್ಟಿ ಜೀವ, ಇಲ್ಲಿಯ ಸುಣ್ಣದ ನೀರೇ ಅದಕ್ಕೆ ಇಷ್ಟ. ಅವಳು ಪ್ರತಿಯೊಂದರ ಮುಂದೆಯೂ ಬಗ್ಗಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಲ್ಲವೂ ಬಾಯಿ ತೆರೆದು ಮುಚ್ಚುತ್ತಿದ್ದವು. ವನಜಾ ನೋಡಬಾರದ್ದು ಇದನ್ನೇ ಅಲ್ಲವೇ?

ಮೂಲೆಯ ತೊಟ್ಟಿಯಲ್ಲಿ ಬೂದು ನೀಲಿ ಬಣ್ಣದ ಅಗಲ ಮೀನೊಂದು ತಳದಿಂದ ಸಾವಕಾಶ ಎದ್ದು, ನೀರಿನ ಮೇಲೆ ಮೂತಿ ಇಟ್ಟು, ಒಂದು ಗುಟುಕು ಗಾಳಿ ನುಂಗಿ, ಮತ್ತೆ ಕೆಳಗಿಳಿಯಿತು.

"ಯೇ ಉಪರ್ ಕ್ಯೋಂ ಆತೀ?" ಇದೇಕೆ ಮೇಲೆ ಬರುತ್ತದೆ ಎಂದು ಕೇಳಿದಳು.

"ಗೌರಾಮಿ ಹೈ ಬಾಯಿ. ಹವಾ ಪೀತೀ ಹೈ. ಉಪರ್ ಆತೀ ಹೀ ರಹೇಗೀ." ಗಾಳಿ ಕುಡಿಯುವ ಮೀನು, ಮೇಲೆ ಬರುತ್ತಲೇ ಇರುತ್ತದೆ.

ಮೇಲೆ ಬರುವ ಮೀನು. ನೀಲಾಂಬಿಕಾ ಅಲ್ಲೇ ಮನಸ್ಸು ಗಟ್ಟಿ ಮಾಡಿದಳು. ಎರಡು ಗೌರಾಮಿ; ಜೊತೆಗೆ ಗಟ್ಟಿ ಜೀವವೆಂದು ಮೂರು ಮೋಲಿ. ಅಂಗಡಿಯವನು ಪ್ಲಾಸ್ಟಿಕ್ ಚೀಲಗಳಿಗೆ ನೀರು ಹಾಕಿ, ಗಾಳಿ ತುಂಬಿ, ರಬ್ಬರ್ ಬ್ಯಾಂಡ್ ಸುತ್ತುತ್ತ ಹೇಳಿದ: "ಪಾನೀ ಬಾಸೀ ಹೋನಾ. ತಾಜಾ ನಲ್ ಕಾ ಮತ್ ಡಾಲನಾ." ಹಳೆಯ ನೀರು ಬೇಕು, ನಲ್ಲಿಯದನ್ನು ಒಂದೆರಡು ದಿನ ತೆರೆದಿಟ್ಟು ಹಾಕಬೇಕು. ಅವಳು ತಲೆಯಾಡಿಸಿ ಚೀಲಗಳನ್ನು ಸೆರಗಿನಡಿ ಮುಚ್ಚಿಕೊಂಡಳು. ವಾಪಸು ಬಸ್ಸಿನಲ್ಲಿ ವನಜಾ ಎರಡು ಸೀಟು ದೂರ ಕೂತಳು. ಗುಂಡಿ ಬಂದಾಗಲೆಲ್ಲ ನೀಲಾಂಬಿಕಾ ಹಸುಗೂಸನ್ನು ಹಿಡಿದವಳಂತೆ ಮೇಲೇಳುತ್ತಿದ್ದಳು.

ಮನೆಗೆ ಬಂದರೆ ಉಮಾಪತಿ ಆಗಲೇ ಗಾಜಿನ ತೊಟ್ಟಿಯೊಂದನ್ನು ತಂದು ತುಂಬಿಸಿಟ್ಟಿದ್ದ. ಪಕ್ಕದಲ್ಲಿ ನಾಲ್ಕು ಬಿಳಿ ಕ್ಯಾನು ಖಾಲಿಯಾಗಿ ಬಿದ್ದಿದ್ದವು.

"ಇದೆಲ್ಲಿಂದ ತಂದ್ರಿ ನೀರು?"

"ಪ್ಲಾಂಟಿನ ಡಿ.ಎಂ. ನೀರು. ಬಾಯ್ಲರಿಗೆ ಬಿಡೋದು." ಅವನು ವಿದ್ಯುತ್ ಸ್ಥಾವರದಲ್ಲಿ ನೀರು ಪರೀಕ್ಷಿಸುವ ಕೆಮಿಸ್ಟ್. ಹತ್ತು ವರ್ಷದಿಂದ ನೀರಿನೊಳಗಿನ ಸುಣ್ಣ, ಉಪ್ಪು, ಮಣ್ಣು ತೆಗೆಯುವುದೇ ಅವನ ಕೆಲಸ. ಒಂದು ಚೂರು ಉಳಿದರೂ ಬಾಯ್ಲರಿನ ಕೊಳವೆ ಹಾಳು. "ಸೆಕ್ಷನ್ ಇಂಜಿನಿಯರ್‌ನ್ನ ಕೇಳೇ ತಂದೇನಿ. ನೋಡು, ಎಷ್ಟು ತಿಳಿ ಐತಿ! ಇದರಾಗ ಏನಂದ್ರ ಏನೂ ಇಲ್ಲ."

"ಅಂಗಡಿಯಾಂವ ನಲ್ಲಿ ನೀರು ಹಳೇದು ಮಾಡಿ ಹಾಕ್ರಿ ಅಂದಾನ್ರೀ."

"ಅಂವಗೇನ್ ಗೊತ್ತೈತಿ ಹುಚ್ಚಿ. ಆ ನಲ್ಲಿ ನೀರಾಗ ಬ್ಲೀಚಿಂಗ್, ಸುಣ್ಣ. ನಿನ್ನ ಚಹಾ ಪಾತ್ರೆ ನೋಡು, ಒಳಗ ಬೆಳ್ಳಗ ಹೆಪ್ಪುಗಟ್ಟೈತಿ. ಅಂಥಾ ನೀರಾಗ ನಾ ನನ್ನ ಮಗಳ ಮೀನು ಬಿಡ್ಲ್ಯಾ?"

ಕೆರೆಯ ದಂಡೆಯಿಂದ ಬಂದ ಮೇಲೆ ಅವನು ಮಗಳ ವಿಷಯದಲ್ಲಿ ಯಾವುದನ್ನೂ ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ. ನೀಲಾಂಬಿಕಾ ಚೀಲಗಳ ರಬ್ಬರ್ ಬ್ಯಾಂಡ್ ಬಿಚ್ಚಿದಳು. ನೀರಿನ ವಿದ್ಯೆ ಓದಿದವನು ಅವನು. ತಾನೋ, ರವಿಕೆ ಹೊಲಿಯುವವಳು.

ಮೊದಲ ದಿನ ವನಜಾ ನಡುಮನೆಗೇ ಬರಲಿಲ್ಲ. ಎರಡನೆಯ ದಿನ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತಳು. ಗೌರಾಮಿ ಒಮ್ಮೆ ಮೇಲೆ ಬಂದು ಹೋಯಿತು.

"ಅವ್ವ, ಅದು ಮತ್ತ ಬರತೈತೇನು?"

"ಬರತೈತಿ ನೋಡು."

ಬಂತು. ವನಜಾ ಒಂದು ಹೆಜ್ಜೆ ಮುಂದೆ ಬಂದಳು. ನೀಲಾಂಬಿಕಾ ಕೈಯಲ್ಲಿದ್ದ ಸೂಜಿಯನ್ನು ಅಲುಗಿಸದೆ ಕೂತಳು. ಉಸಿರಾಡಿದರೂ ಮಗು ಹಿಂದೆ ಹೋದೀತೆಂಬ ಭಯ. ಸಂಜೆಗೆ ಹುಡುಗಿ ತೊಟ್ಟಿಯಿಂದ ಒಂದು ಮಾರು ದೂರದ ಚಾಪೆಯ ಮೇಲೆ ಕೂತು ಹೋಂವರ್ಕ್ ಬರೆದಳು. ಆರು ತಿಂಗಳಲ್ಲಿ ನೀರಿಗೆ ಅಷ್ಟು ಹತ್ತಿರ ಅವಳು ಕೂತಿರಲಿಲ್ಲ.

ಮರುದಿನ ಶನಿವಾರ. ಉಮಾಪತಿ ಬೆಳಗಿನ ಪಾಳಿಗೆ, ವನಜಾ ಅರ್ಧ ದಿನದ ಶಾಲೆಗೆ ಹೋದರು. ಹನ್ನೆರಡಾಗಲು ಹತ್ತು ನಿಮಿಷವಿದ್ದಾಗ ನೀಲಾಂಬಿಕಾ ಹೊಲಿಗೆ ಯಂತ್ರದಿಂದ ತಲೆಯೆತ್ತಿ ತೊಟ್ಟಿಯ ಕಡೆ ನೋಡಿದಳು. ಯಂತ್ರದ ಗಾಲಿ ಅವಳ ಕೈಯಲ್ಲೇ ನಿಂತಿತು.

ಮೋಲಿಯೊಂದು ಅಡ್ಡ ಬಿದ್ದಿತ್ತು. ಇನ್ನೆರಡು ರೆಕ್ಕೆ ಮುದುಡಿಕೊಂಡು, ಇದ್ದಲ್ಲೇ ಎಡಕ್ಕೂ ಬಲಕ್ಕೂ ತೊನೆಯುತ್ತಿದ್ದವು, ಚಳಿಜ್ವರ ಬಂದವರ ಹಾಗೆ. ಹೊಟ್ಟೆ ಉಬ್ಬಿತ್ತು. ಗೌರಾಮಿಗಳೆರಡೂ ಮೇಲಿನ ಮೂಲೆ ಸೇರಿ ಒಂದೇ ಸಮನೆ ಬಾಯಿ ಬಿಡುತ್ತಿದ್ದವು. ಕೆಳಗೆ ಇಳಿಯುತ್ತಲೇ ಇರಲಿಲ್ಲ. ನೀರು ಮಾತ್ರ ಇಲ್ಲವೇ ಇಲ್ಲವೆನ್ನುವಷ್ಟು ತಿಳಿಯಾಗಿತ್ತು.

ವನಜಾ ಬರುವುದು ಹನ್ನೆರಡಕ್ಕೆ. ಮೊದಲು ದಪ್ಪ ಟವೆಲ್ ತಂದು ತೊಟ್ಟಿಗೆ ಮುಚ್ಚಿದಳು, ಹೆಣದ ಮೇಲೆ ಮುಚ್ಚಿದಂತಾಯಿತೆನಿಸಿ ತೆಗೆದಳು, ಮತ್ತೆ ಮುಚ್ಚಿದಳು. ಏನು ತಪ್ಪಾಯಿತು? ಕಾಳು ಹಾಕಿದ್ದು ಸರಿಯಾಗಿತ್ತು. ಬಿಸಿಲು ಬಿದ್ದಿಲ್ಲ. ಸೋಪಿನ ಕೈ ತಾಗಿಲ್ಲ. ಅಂಗಡಿಯವನು ಹೇಳಿದ್ದರಲ್ಲಿ ತಾವು ಮೀರಿದ್ದು ಒಂದೇ ಒಂದು. ಬೆರಳದ್ದಿ ನಾಲಗೆಗೆ ಹಚ್ಚಿಕೊಂಡಳು. ರುಚಿಯೇ ಇಲ್ಲ. ಸಪ್ಪೆ ಎನ್ನಲೂ ಏನೋ ಬೇಕಲ್ಲ, ಅದೂ ಇಲ್ಲ. ಏನಂದ್ರ ಏನೂ ಇಲ್ಲ, ಎಂದಿದ್ದ ಅವನು. ಏನೂ ಇಲ್ಲದ್ದರಲ್ಲಿ ಯಾವ ಜೀವ ನಿಂತೀತು?

ಚಪ್ಪಲಿ ಹಾಕದೆ ಬಕೆಟು ಹಿಡಿದು ಕೆಳಮನೆಯ ದೇಚಮ್ಮನ ಹಿತ್ತಿಲಿಗೆ ಓಡಿದಳು. ದೇಚಮ್ಮ ಕೊಡಗಿನವರು, ಗಂಡ ಮಿಲಿಟರಿ ಬಿಟ್ಟು ಸ್ಥಾವರದ ಕಾವಲಿಗೆ ಸೇರಿದವರು. ಗಿಡಗಳಿಗೆಂದು ಅವರ ಹಿತ್ತಿಲಲ್ಲಿ ಸಿಮೆಂಟಿನ ಡ್ರಮ್ಮಿನಲ್ಲಿ ಸದಾ ನೀರು ನಿಂತಿರುತ್ತಿತ್ತು.

"ಏನು ನೀಲಾ, ಬೆಂಕಿ ಬಿತ್ತಾ?"

"ನಿಮ್ಮ ಡ್ರಮ್ಮಿನ ನೀರು ಕೊಡ್ರಿ. ಹಳೇದು ಐತಲ್ರೀ?"

"ನಾಲ್ಕು ದಿನದ್ದು, ಪಾಚಿ ಕಟ್ಟಿದೆ. ಯಾಕೆ?"

"ಮೀನು ಸಾಯಾಕತ್ತಾವ್ರಿ. ಈಗ ವನಜಾ ಬರ್ತಾಳ."

ದೇಚಮ್ಮ ಹಿಂದಿನ ದಿನವಷ್ಟೇ, ನಮ್ಮ ಕಡೆ ಮೀನು ತಂದರೆ ಮಸಾಲೆ ಅರೀತೀವಿ, ನೀವು ಗಾಜಿನ ಮನೆ ಕಟ್ಟಿಸ್ತೀರಿ ಎಂದು ಹಂಗಿಸಿದ್ದರು. ಈಗ ತಂಬಿಗೆ ತಂದು ತಾವೇ ಬಕೆಟು ತುಂಬಿಸಿದರು. "ಒಮ್ಮೆಗೇ ಸುರೀಬೇಡ. ಸ್ವಲ್ಪ ಸ್ವಲ್ಪ. ನಾನೂ ಇನ್ನೊಂದು ಬಕೆಟ್ ತರ್ತೀನಿ, ಹೋಗು ಹೋಗು."

ಮೆಟ್ಟಿಲು ಹತ್ತುವಾಗ ನೀರು ತುಳುಕಿ ಕಾಲು ಜಾರಿತು. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಬಳಿ ಶಾಲೆಯ ಚೀಲ ಬಿದ್ದಿತ್ತು.

ಟವೆಲ್ ತೊಟ್ಟಿಯ ಮೇಲಿರಲಿಲ್ಲ. ಅದು ನೆಲದ ಮೇಲೆ ಹಾಸಿತ್ತು, ಅದರ ಮೇಲೆ ಮೂರು ಮೋಲಿಗಳನ್ನು ಸಾಲಾಗಿ ಮಲಗಿಸಲಾಗಿತ್ತು. ವನಜಾ ಪಕ್ಕದಲ್ಲಿ ಮಂಡಿಯೂರಿದ್ದಳು. ಫ್ರಾಕಿನ ತೋಳು ಭುಜದವರೆಗೆ ತೊಯ್ದಿತ್ತು. ಒಂದು ಗೌರಾಮಿಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

"ಮುಳುಗಾಕತ್ತಿದ್ವು ಅವ್ವ," ಎಂದಳು. "ನಾ ಹೊರಗ ತಗದೇನಿ. ಇನ್ನ ಸಾಯಂಗಿಲ್ಲ."

ನೀಲಾಂಬಿಕಾ ಬಕೆಟನ್ನು ಸದ್ದಾಗದಂತೆ ಕೆಳಗಿಟ್ಟಳು. ಟವೆಲಿನ ಮೇಲಿನ ಮೂರೂ ಅಲುಗುತ್ತಿರಲಿಲ್ಲ. ಮಗಳ ಬೆರಳ ಸಂದಿಯಲ್ಲಿ ಬೂದು ಬಾಲವೊಂದು ಸಣ್ಣಗೆ ಮಿಡಿಯುತ್ತಿತ್ತು.

ಕಿತ್ತುಕೊಂಡು ನೀರಿಗೆ ಹಾಕಬಹುದಿತ್ತು. ಒಂದು ಕ್ಷಣದ ಕೆಲಸ. ಮೀನು ಉಳಿಯಬಹುದು, ಆದರೆ ತನ್ನ ತಾಯಿಯೇ ಅದನ್ನು ಹಿಡಿದು ಮುಳುಗಿಸಿದಳೆಂದು ಈ ಹುಡುಗಿ ಸಾಯುವವರೆಗೆ ನೆನಪಿಟ್ಟುಕೊಳ್ಳುತ್ತಾಳೆ. ಸುಮ್ಮನೆ ಕೂತರೆ ಅದು ಅವಳ ಕೈಯಲ್ಲೇ ಸಾಯುತ್ತದೆ, ಅದೂ ಅವಳೇ ಕಾಪಾಡಲು ಹೋಗಿ. ಆಸ್ಪತ್ರೆಯ ಮಾತು ಕೇಳಿದಾಗಲೂ ನೀಲಾಂಬಿಕಾ ಇಷ್ಟು ಹೆದರಿರಲಿಲ್ಲ.

"ವನಜಾ, ಅದರ ಬಾಯಿ ನೋಡವ್ವ."

ಹುಡುಗಿ ಕೆಳಗೆ ನೋಡಿದಳು. ಗೌರಾಮಿ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು.

"ಕಲಾನೂ ಹಿಂಗ ಮಾಡಿದ್ಲು," ಎಂದಳು ಮೆಲ್ಲಗೆ. ಆರು ತಿಂಗಳಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದು ಮೊದಲ ಸಲ.

"ಹೌದು. ಕಲಾಗ ಬೇಕಾಗಿದ್ದು ಗಾಳಿ, ಸಿಗಲಿಲ್ಲ. ಇದಕ್ಕ ಬೇಕಾಗಿದ್ದು ನೀರು."

"ಸುಳ್ಳು! ನೀರಾಗೇ ಹಿಂಗ ಮಾಡಾಕತ್ತಿತ್ತು. ನಾ ನೋಡೇನಿ."

"ಆ ನೀರು ಚಲೋ ಇರಲಿಲ್ಲ. ನಿಮ್ಮಪ್ಪಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮದೇ ತಪ್ಪು. ಈ ನೀರು ಬ್ಯಾರೆ."

"ಹಾಕಬ್ಯಾಡ! ನಕೋ ನಾ ಅವ್ವ, ನಕೋ!" ವನಜಾ ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು.

ನೀಲಾಂಬಿಕಾ ಮುಂದೆ ಹೋಗಲಿಲ್ಲ. ಬಕೆಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಳೆ ಹಿಂದೆ ಸರಿಸಿ, ಎರಡೂ ಕೈಯನ್ನು ನೀರಿನೊಳಗೆ ಇಳಿಸಿ ಬೊಗಸೆ ಮಾಡಿದಳು.

"ಹಾಕಂಗಿಲ್ಲ. ನೋಡು, ನನ್ನ ಕೈ ಐತಿ ಇಲ್ಲಿ. ಅದನ್ನ ನನ್ನ ಕೈಯಾಗ ಇಡು. ನಾ ಹಿಡಕೊಂಡೇ ಇರತೀನಿ. ಬಿಡಂಗಿಲ್ಲ."

"ಅಪ್ಪನೂ ಹಿಡಕೊಂಡಿದ್ದ."

ನೀಲಾಂಬಿಕಾ ಬೊಗಸೆಯನ್ನು ಒಂದು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಹಂಗಾದ್ರ ನೀನೂ ಹಿಡಕೋ," ಎಂದಳು. "ಇಬ್ಬರೂ ಹಿಡಿಯೋಣು. ಜಲ್ದಿ ಬಾ, ನನ್ನವ್ವ."

ಬಾಲದ ಮಿಡಿತ ನಿಲ್ಲುತ್ತ ಬಂದಿತ್ತು. ವನಜಾಳ ಕಣ್ಣು ಮೀನಿನಿಂದ ಬಕೆಟಿಗೆ, ಬಕೆಟಿನಿಂದ ಟವೆಲಿನ ಮೇಲಿನ ಮೂರಕ್ಕೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವಳು ಮಂಡಿಯ ಮೇಲೆಯೇ ತೆವಳುತ್ತ ಬಂದಳು. ಬಕೆಟಿನ ಅಂಚಿಗೆ ಬಂದು ತಡೆದಳು. ಕಣ್ಣು ಬಿಗಿಯಾಗಿ ಮುಚ್ಚಿ, ಮೀನಿನ ಸಮೇತ ಎರಡೂ ಕೈಯನ್ನು ಒಳಗೆ ತೂರಿಸಿದಳು.

ನಾಲ್ಕು ಕೈಗಳ ನಡುವೆ ಗೌರಾಮಿ ಅಡ್ಡಡ್ಡ ಬಿದ್ದಿತ್ತು. ಏನೂ ಆಗಲಿಲ್ಲ. ನೀಲಾಂಬಿಕಾ ತನಗೆ ಗೊತ್ತಿದ್ದ ವಚನವನ್ನೆಲ್ಲ ಮರೆತು ಬರೀ "ಬಸವಾ, ಬಸವಾ" ಎನ್ನುತ್ತಿದ್ದಳು. ಬಾಗಿಲಲ್ಲಿ ಎರಡನೆಯ ಬಕೆಟು ಹಿಡಿದು ಬಂದ ದೇಚಮ್ಮ ಅಲ್ಲೇ ಕಲ್ಲಾಗಿ ನಿಂತರು.

ಅಂಗೈಗೆ ಏನೋ ತಾಗಿತು. ಕಚಗುಳಿಯಂತೆ. ಮತ್ತೊಮ್ಮೆ.

"ಅವ್ವ, ಅಲುಗ್ಯಾಡತು," ಎಂದಳು ವನಜಾ, ಕಣ್ಣು ತೆರೆಯದೆ.

ಮೀನು ನೆಟ್ಟಗಾಯಿತು. ಮತ್ತೆ ವಾಲಿತು. ಮತ್ತೆ ನೆಟ್ಟಗಾಗಿ, ಹೆಬ್ಬೆರಳುಗಳ ನಡುವಿನಿಂದ ಮೇಲೆದ್ದು, ಒಂದು ಗುಟುಕು ಗಾಳಿ ನುಂಗಿ, ಅದೇ ನಾಲ್ಕು ಕೈಗಳೊಳಗೆ ಇಳಿಯಿತು.

ದೇಚಮ್ಮ ತೊಟ್ಟಿಯಲ್ಲಿ ಉಳಿದಿದ್ದ ಇನ್ನೊಂದು ಗೌರಾಮಿಯ ಬಳಿ ಹೋಗಿ ತಂಬಿಗೆಯಿಂದ ಹಳೆಯ ನೀರನ್ನು ಸ್ವಲ್ಪಸ್ವಲ್ಪವೇ ಹಾಕತೊಡಗಿದರು. "ಇದಿನ್ನೂ ಇದೆ ಕಣೇ," ಎಂದು ಪಿಸುಗುಟ್ಟಿದರು. ಸತ್ತ ಮೂರನ್ನು ಟವೆಲಿನಲ್ಲಿ ಸುತ್ತಲು ಬಗ್ಗಿದಾಗ ವನಜಾ ತಿರುಗಿ ನೋಡಿದಳು.

"ಅವು ನಾ ಹೊರಗ ತಗದಿದ್ದಕ್ಕ ಸತ್ವೇನು?"

ನೀಲಾಂಬಿಕಾ ಸುಳ್ಳು ಹುಡುಕಿದಳು, ಸಿಗಲಿಲ್ಲ. "ಮೊದಲೇ ಜಡ್ಡಾಗಿದ್ವು. ಆ ನೀರು ಹಾಕಿದ್ದು ನಾವು. ಹೊರಗಿದ್ರೂ ಉಳೀತಿರಲಿಲ್ಲ, ಒಳಗಿದ್ರೂ ಉಳೀತಿರಲಿಲ್ಲ."

ಹುಡುಗಿ ಅಳಲಿಲ್ಲ. ತುಟಿ ಕಚ್ಚಿಕೊಂಡು ಮತ್ತೆ ಬಕೆಟಿನೊಳಗೆ ನೋಡತೊಡಗಿದಳು. ತಳ ಕಾಣುವ ನೀರು ಅದು. ಪಾಚಿಯ ಚೂರುಗಳ ನಡುವೆ ಸೀರೆ ತುಂಡಿನ ಹೂವು ಕೂಡ ಕಾಣುತ್ತಿತ್ತು.

ಕಾಲು ಜೋಮು ಹಿಡಿದಾಗ ನೀಲಾಂಬಿಕಾ ಕೈ ತೆಗೆಯಲೋ ಬೇಡವೋ ಎಂದು ಅನುಮಾನಿಸಿದಳು. "ನೀ ಹೋಗು," ಎಂದಳು ವನಜಾ, "ನಾ ಹಿಡಕೊಂಡಿರತೀನಿ." ದೇಚಮ್ಮ ಟವೆಲಿನ ಗಂಟು ಹಿಡಿದು ಕೆಳಗಿಳಿದಿದ್ದರು, ಮಲ್ಲಿಗೆ ಗಿಡದ ಬುಡದಲ್ಲಿ ಹೂಳುತ್ತೇನೆಂದು.

ನೀಲಾಂಬಿಕಾ ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು. ಅಲ್ಲೇ ನೆಲದ ಮೇಲೆ ಕೂತಳು. ಉಮಾಪತಿ ಎರಡು ಗಂಟೆಗೆ ಬರುತ್ತಾನೆ. ಅವನಿಗೆ ಇದನ್ನು ಹೇಗೆ ಹೇಳುವುದು? ಶುದ್ಧ ನೀರು ತಂದವನಿಗೆ? ನಡುಮನೆಯಿಂದ ನೀರು ಕಲಕಿದ ಸದ್ದು ಬಂತು. ಮತ್ತೊಮ್ಮೆ ಬಂತು. ಆಮೇಲೆ ಏನೂ ಇಲ್ಲ. ಅವಳು ಕಿವಿಯಾನಿಸಿದಳು. ಉಸಿರಿನ ಸದ್ದೂ ಇಲ್ಲ. ಮೀನು ಹೋಯಿತೇ? ಮಗು ಬಕೆಟಿಗೆ ಮುಖ ಕೊಟ್ಟಿತೇ? ಎದ್ದು ಸೀರೆಯ ನೆರಿಗೆ ಎಡವುತ್ತ ಓಡಿದಳು.

ವನಜಾ ಇದ್ದಲ್ಲೇ ಇದ್ದಳು. ಎರಡೂ ತೋಳು ಮೊಣಕೈ ದಾಟಿ ನೀರಿನಲ್ಲಿದ್ದವು, ಗಲ್ಲ ಬಕೆಟಿನ ಅಂಚಿನ ಮೇಲಿತ್ತು. ತಾಯಿಯ ಹೆಜ್ಜೆಗೆ ನೀರು ಅದುರಿದ್ದು ಕಂಡು ತಲೆಯೆತ್ತಿ ಹುಬ್ಬು ಗಂಟಿಕ್ಕಿದಳು.

"ಶ್! ಓಡಬ್ಯಾಡ ಅವ್ವ," ಎಂದಳು. "ಅದು ಹೆದರತೈತಿ."